ಓದಿದ್ದನ್ನು ಮುಚ್ಚಿಟ್ಟು ಬರೆಯಿರಿ: ಕನ್ನಡ ಮೀಡಿಯಂನವರಿಗೆ ಇಂಗ್ಲಿಷ್ ಓದು-ಬರಹ

ನನ್ನ ಅಕ್ಕನ ಮಗಳು ಕಾರವಾರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಫೋನ್ ಮಾಡಿದವಳು ಮಾತಾಡುತ್ತಾ ಮಾತಾಡುತ್ತಾ ಅತ್ತೇ ಬಿಟ್ಟಳು. "ಚಿಕ್ಕಮ್ಮ, ಪುಸ್ತಕ ತೆಗೆದಿಟ್ಟುಕೊಂಡು ಓದುವಾಗ ಎಲ್ಲಾ ಅರ್ಥ ಆಗ್ತದೆ. ಮುಚ್ಚಿಟ್ಟು ಬರೆಯೋಕೆ ಕೂತ್ರೆ ಒಂದು ಸಾಲೂ ಸರಿ ಬರೋದಿಲ್ಲ. ನೀನು ಹ್ಯಾಗೆ ಕಲ್ತೆ?"

ನಾನು ಟೀಚರ್ ಅಲ್ಲ. ಶಿರಸಿಯಲ್ಲಿ ಒಂದು ಅಡಿಕೆ ವ್ಯಾಪಾರದ ಆಫೀಸಿನಲ್ಲಿ ಹದಿನಾರು ವರ್ಷದಿಂದ ಲೆಕ್ಕ ಮತ್ತು ಪತ್ರ ವ್ಯವಹಾರ ನೋಡಿಕೊಳ್ಳುತ್ತಿದ್ದೇನೆ. ನಾನೂ ಕನ್ನಡ ಮೀಡಿಯಂನವಳೇ. ಇಂಗ್ಲಿಷ್ ಓದೋದು, ಬರೆಯೋದು ಎರಡನ್ನೂ ಕೆಲಸಕ್ಕೆ ಸೇರಿದ ಮೇಲೆ, ಸಂಜೆ ಮನೆ ಜಗಲಿಯಲ್ಲಿ ಕೂತು ಕಲಿತೆ. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಅವಳ ಹಾಗೆ ಕಷ್ಟಪಡುವವರು ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬರಾದರೂ ಇದ್ದಾರೆ ಅಲ್ವಾ?

ಮೊದಲು ನನಗೆ ಕಣ್ಣು ತೆರೆಸಿದ ಒಂದು ಘಟನೆ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಹೊರ ರಾಜ್ಯದ ಒಬ್ಬ ವ್ಯಾಪಾರಿಗೆ ಚಾಲಿ ಅಡಿಕೆ ಕಳಿಸಿದ್ದೆವು. ದುಡ್ಡು ಬಂದಿರಲಿಲ್ಲ. ಯಜಮಾನರು "ನಮ್ಮ ಪೇಮೆಂಟ್ ಬಾಕಿ ಇದೆ ಅಂತ ಒಂದು ಮೇಲ್ ಹಾಕು" ಅಂದರು. ನಾನು ಅದನ್ನು ಹಾಗೇ ಇಂಗ್ಲಿಷಿಗೆ ಇಳಿಸಿದೆ: "ಅವರ್ ಪೇಮೆಂಟ್ ಈಸ್ ಪೆಂಡಿಂಗ್." ಎಂಟು ದಿನ ಬಿಟ್ಟು ಉತ್ತರ ಬಂತು. ನೀವು ನಮಗೆ ಕೊಡಬೇಕಾದ್ದು ಏನೂ ಇಲ್ಲ, ನಿಮ್ಮ ಲೆಕ್ಕ ಇನ್ನೊಮ್ಮೆ ನೋಡಿ ಅಂತ.

ಕನ್ನಡದಲ್ಲಿ 'ನಮ್ಮ ದುಡ್ಡು ಬಾಕಿ ಇದೆ' ಅಂದರೆ ನಮಗೆ ಬರಬೇಕಾದ ದುಡ್ಡು. ಇಂಗ್ಲಿಷಿನಲ್ಲಿ 'ಅವರ್ ಪೇಮೆಂಟ್' ಅಂದರೆ ನಾವು ಕೊಡಬೇಕಾದ್ದು ಅಂತಲೇ ಓದುವವರಿಗೆ ಮೊದಲು ಅನ್ನಿಸುತ್ತದೆ. ನನ್ನ ಸಾಲಿನಲ್ಲಿ ಸ್ಪೆಲಿಂಗ್ ಸರಿ ಇತ್ತು, ಗ್ರಾಮರ್ ಸರಿ ಇತ್ತು. ಅರ್ಥ ಮಾತ್ರ ಉಲ್ಟಾ ಆಗಿತ್ತು. ಆಫೀಸಿನ ಹಿರಿಯ ಗುಮಾಸ್ತರು ಏನೂ ಬೈಯಲಿಲ್ಲ. ಕಪಾಟಿನಿಂದ ಒಂದು ಹಳೇ ಫೈಲ್ ತೆಗೆದು ಮುಂದೆ ಇಟ್ಟರು. ಅದರಲ್ಲಿ ಒಂದು ಪತ್ರ ಹೀಗೆ ಶುರುವಾಗಿತ್ತು: "ವಿ ಹ್ಯಾವ್ ನಾಟ್ ಯೆಟ್ ರಿಸೀವ್ಡ್ ಯುವರ್ ಪೇಮೆಂಟ್." ನಿಮ್ಮ ಪೇಮೆಂಟ್ ನಮಗೆ ಇನ್ನೂ ತಲುಪಿಲ್ಲ. 'ನಮ್ಮ' ಹೋಗಿ 'ನಿಮ್ಮ' ಬಂದಿದೆ ನೋಡಿ.

ಆ ಸಾಲನ್ನು ನಾನು ಎಷ್ಟು ಹೊತ್ತು ನೋಡುತ್ತಾ ಕೂತೆನೋ. ನನ್ನ ಸಾಲು ಕನ್ನಡದಿಂದ ಹುಟ್ಟಿತ್ತು. ಆ ಪತ್ರ ಬರೆದವರ ಸಾಲು ಅವರು ಅದಕ್ಕೂ ಮೊದಲು ಓದಿದ್ದ ಇಂಗ್ಲಿಷ್ ಪತ್ರಗಳಿಂದ ಹುಟ್ಟಿತ್ತು. ನನಗೆ ಬೇಕಾಗಿದ್ದು ಇನ್ನೊಂದು ಗ್ರಾಮರ್ ಪುಸ್ತಕ ಅಲ್ಲ. ಸರಿಯಾದ ಸಾಲುಗಳನ್ನು ಓದಿ, ತಲೆಯಲ್ಲಿ ಇಟ್ಟುಕೊಂಡು, ಬೇಕಾದಾಗ ಕೈಗೆ ಬರುವ ಹಾಗೆ ಮಾಡಿಕೊಳ್ಳಬೇಕಿತ್ತು. ಓದುವುದು ಬೇರೆ, ಬರೆಯುವುದು ಬೇರೆ ಅಂತ ಎರಡು ಕ್ಲಾಸ್ ಮಾಡಿಕೊಂಡರೆ ಇದು ಆಗುವುದಿಲ್ಲ.

ಎಡ ಪುಟ, ಬಲ ಪುಟ

200 ಪುಟದ ಒಂದು ಲಾಂಗ್ ಬುಕ್ ತಗೊಳ್ಳಿ. ಒಂದು ನೀಲಿ ಪೆನ್ನು, ಒಂದು ಕೆಂಪು ಪೆನ್ನು. ಇಷ್ಟೇ ಖರ್ಚು.

ಐದಾರು ಸಾಲಿನ ಒಂದು ತುಣುಕು ಆರಿಸಿ. ಅದಕ್ಕಿಂತ ಜಾಸ್ತಿ ಬೇಡ. ಎರಡು ಸಲ ಓದಿ, ಅರ್ಥ ಮಾಡಿಕೊಳ್ಳಿ. ಆಮೇಲೆ ಅದನ್ನು ಎಡ ಪುಟದಲ್ಲಿ ಬರೆದುಕೊಳ್ಳಿ. ಆದರೆ ಶಾಲೆಯಲ್ಲಿ ಕಾಪಿ ಬರೆದ ಹಾಗೆ ಒಂದು ಪದ ನೋಡು, ಒಂದು ಪದ ಬರೆ ಅನ್ನುವ ಥರ ಬೇಡ. ಹಾಗೆ ಬರೆದರೆ ಕೈಗೆ ಮಾತ್ರ ಕೆಲಸ. ಒಂದು ಪೂರ್ತಿ ವಾಕ್ಯ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಿರಿ. ಮಧ್ಯದಲ್ಲಿ ನಿಂತುಹೋದರೆ ಪುಸ್ತಕ ತೆರೆದು ಆ ಒಂದು ಪದ ಇಣುಕಿ ನೋಡಬೇಡಿ. ವಾಕ್ಯವನ್ನು ಮೊದಲಿಂದ ಪೂರ್ತಿ ಓದಿ, ಮತ್ತೆ ಮುಚ್ಚಿ, ಮತ್ತೆ ಬರೆಯಿರಿ. ಮೊದಲ ವಾರ ಇದು ತುಂಬಾ ಕಷ್ಟ. ಏಳೆಂಟು ಪದಕ್ಕಿಂತ ಉದ್ದದ ವಾಕ್ಯ ತಲೆಯಲ್ಲಿ ನಿಲ್ಲುವುದೇ ಇಲ್ಲ. ಒಂದು ತಿಂಗಳಿಗೆ ಹದಿನೈದು ಪದ ನಿಲ್ಲುತ್ತದೆ. ನನಗೆ ಹಾಗೆ ಆಯಿತು.

ಬರೆದು ಮುಗಿದ ಮೇಲೆ ಬಲ ಪುಟದ ಮೇಲ್ಗಡೆ ಕನ್ನಡದಲ್ಲಿ ನಾಲ್ಕೈದು ಸುಳಿವು ಬರೆದಿಡಿ. 'ದುಡ್ಡು ಬಂದಿಲ್ಲ, ಬಿಲ್ ತಾರೀಕು, ಯಾವಾಗ ಕಳಿಸುತ್ತೀರಿ' ಈ ಥರ. ಅವತ್ತಿಗೆ ಅಷ್ಟು ಸಾಕು.

ಮಾರನೇ ದಿನ ಎಡ ಪುಟದ ಮೇಲೆ ಒಂದು ಪೇಪರ್ ಮುಚ್ಚಿ. ಬಲ ಪುಟದ ಸುಳಿವು ಮಾತ್ರ ನೋಡಿ, ಅದೇ ವಿಷಯವನ್ನು ಇಂಗ್ಲಿಷಿನಲ್ಲಿ ಬರೆಯಿರಿ. ನೆನಪಿದ್ದಷ್ಟು ಅವರ ಮಾತು, ನೆನಪಿಲ್ಲದ ಕಡೆ ನಿಮ್ಮ ಮಾತು. ಆಮೇಲೆ ಪೇಪರ್ ಸರಿಸಿ. ಎರಡನ್ನೂ ಪದ ಪದ ಹೋಲಿಸಿ. ಎಲ್ಲಿ ಬೇರೆ ಆಗಿದೆಯೋ ಅಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ಕಲಿಯುವುದು ಪೂರ್ತಿ ಈ ಹೋಲಿಸುವ ಹತ್ತು ನಿಮಿಷದಲ್ಲೇ ಆಗುತ್ತದೆ. ಅದನ್ನು ಬಿಟ್ಟುಬಿಟ್ಟರೆ ಹಿಂದೆ ಮಾಡಿದ್ದೆಲ್ಲಾ ದಂಡ.

ನಮ್ಮ ಹುಡುಗಿ ಮಾಡಿದ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಎಡ ಪುಟದಲ್ಲಿ ಇದ್ದಿದ್ದು: "ವಾಶ್ ಯುವರ್ ಹ್ಯಾಂಡ್ಸ್ ಬಿಫೋರ್ ಯು ಟಚ್ ದ ಪೇಷಂಟ್." ಮಾರನೇ ದಿನ ಅವಳು ಬರೆದಿದ್ದು: "ಬಿಫೋರ್ ಟಚಿಂಗ್ ಪೇಷಂಟ್ ವಾಶ್ ಹ್ಯಾಂಡ್." ನಾಲ್ಕು ಕಡೆ ವ್ಯತ್ಯಾಸ ಇದೆ. 'ಬಿಫೋರ್ ಟಚಿಂಗ್' ಅಂದಿದ್ದು ತಪ್ಪಲ್ಲ, ಅದು ಹಾಗೂ ಬರುತ್ತದೆ. ಬಿಟ್ಟುಬಿಡಿ. ಆದರೆ 'ಯುವರ್' ಹೋಗಿದೆ. ಯಾಕೆ? ಕನ್ನಡದಲ್ಲಿ ನಾವು 'ಕೈ ತೊಳಿ' ಅಂತೀವಿ. 'ನಿನ್ನ ಕೈ ತೊಳಿ' ಅನ್ನುವುದಿಲ್ಲ. ಇಂಗ್ಲಿಷಿನಲ್ಲಿ ಕೈ ಯಾರದ್ದು ಅಂತ ಹೇಳಲೇಬೇಕು. 'ಹ್ಯಾಂಡ್ಸ್' ಹೋಗಿ 'ಹ್ಯಾಂಡ್' ಆಗಿದೆ. ನಾವು ಎರಡೂ ಕೈ ತೊಳೆದರೂ 'ಕೈ' ಅಂತಲೇ ಹೇಳುವುದು. ಅವರು ಎರಡು ಅಂದರೆ ಎರಡು ಅಂತಲೇ ಬರೆಯಬೇಕು. ಕೊನೆಗೆ 'ಪೇಷಂಟ್' ಮುಂದಿನ 'ದ' ಮಾಯ. ದಿನದ ಮಾತಿನಲ್ಲಿ ನಾವು ಅಲ್ಲಿ ಏನೂ ಹಾಕುವುದಿಲ್ಲ.

ನೋಡಿದಿರಾ? ಮೂರು ತಪ್ಪಿಗೂ ಒಂದೇ ಕಾರಣ, ಒಳಗೆ ಕೂತ ಕನ್ನಡ. ಅವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಎರಡು ಪುಟ ಪಕ್ಕಪಕ್ಕ ಇದ್ದಿದ್ದರಿಂದ ತಾನಾಗೇ ಕಂಡಿತು.

ಈ ಪದ್ಧತಿ ನನ್ನದಲ್ಲ, ಬಹಳ ಹಳೆಯದು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಅಣ್ಣನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಕಲಿಯುತ್ತಿದ್ದ. ಒಳ್ಳೆಯ ಲೇಖನ ಸಿಕ್ಕರೆ ಒಂದೊಂದು ವಾಕ್ಯಕ್ಕೂ ಸಣ್ಣ ಸುಳಿವು ಬರೆದಿಟ್ಟು, ಕೆಲವು ದಿನ ಬಿಟ್ಟು, ಸುಳಿವು ನೋಡಿ ಲೇಖನವನ್ನು ತಾನೇ ಮತ್ತೆ ಬರೆಯುತ್ತಿದ್ದ. ಮೂಲದ ಜೊತೆ ಹೋಲಿಸಿ ತಪ್ಪು ತಿದ್ದಿಕೊಳ್ಳುತ್ತಿದ್ದ. ಇದನ್ನು ಅವನೇ ಆತ್ಮಕಥೆಯಲ್ಲಿ ಹೇಳಿದ್ದಾನೆ. ಇಂಗ್ಲಿಷ್ ಅವನ ಮನೆ ಮಾತು. ಅವನಿಗೇ ಇದು ಬೇಕಾಗಿತ್ತು ಅಂದಮೇಲೆ ನಮಗೆ ಬೇಡವಾ?

ಯಾವುದನ್ನು ಓದುವುದು?

ತುಂಬಾ ಜನ ಇಲ್ಲೇ ಎಡವುತ್ತಾರೆ. ಇಂಗ್ಲಿಷ್ ಕಲಿಯಬೇಕು ಅಂತ ನಿರ್ಧಾರ ಆದ ಕೂಡಲೇ ಒಂದು ಇಂಗ್ಲಿಷ್ ಪೇಪರ್ ಹಾಕಿಸಿಕೊಳ್ಳುತ್ತಾರೆ. ಸಂಪಾದಕೀಯದಿಂದ ಶುರು ಮಾಡುತ್ತಾರೆ. ಹದಿನೈದು ದಿನಕ್ಕೆ ಪೇಪರ್ ಅಕ್ಕಿ ಡಬ್ಬದ ಕೆಳಗೆ ಹೋಗುತ್ತದೆ.

ನಾನು ಮಾಡುವುದು ಹೀಗೆ. ಓದಬೇಕು ಅಂದುಕೊಂಡ ಬರಹದಲ್ಲಿ ನೂರು ಪದ ಎಣಿಸಿ. ಗೊತ್ತಿಲ್ಲದ ಪದಕ್ಕೆ ಪೆನ್ಸಿಲ್ ಚುಕ್ಕಿ ಇಡಿ. ಎರಡು ಮೂರು ಚುಕ್ಕಿ ಬಿದ್ದರೆ ಒಳ್ಳೆಯದು, ಓದಿ. ಐದಾರು ಬಿದ್ದರೆ ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಟ್ಟರೆ ಮಾತ್ರ ಓದಿ. ಹತ್ತು ಬಿದ್ದರೆ ಸದ್ಯಕ್ಕೆ ಎತ್ತಿಡಿ. ಭಾಷಾ ಕಲಿಕೆಯ ಬಗ್ಗೆ ಕೆಲಸ ಮಾಡಿದ ಪಾಲ್ ನೇಷನ್ ಅನ್ನುವವರ ಲೆಕ್ಕವೂ ಹೀಗೇ ಇದೆ. ಯಾರ ಸಹಾಯವೂ ಇಲ್ಲದೆ ಒಂದು ಬರಹ ಚೆನ್ನಾಗಿ ಅರ್ಥ ಆಗಬೇಕಾದರೆ ಅದರಲ್ಲಿ ನೂರಕ್ಕೆ 98 ಪದ ಗೊತ್ತಿರಬೇಕು. ಕಾದಂಬರಿ, ಪೇಪರ್ ಆ ಮಟ್ಟಕ್ಕೆ ಓದಲು ಎಂಟರಿಂದ ಒಂಬತ್ತು ಸಾವಿರ ಪದಕುಟುಂಬ ಬೇಕಾಗುತ್ತದೆ. ಪದಕುಟುಂಬ ಅಂದರೆ 'ಹೆಲ್ಪ್, ಹೆಲ್ಪರ್, ಹೆಲ್ಪ್‌ಫುಲ್' ಎಲ್ಲಾ ಸೇರಿ ಒಂದು. ಈ ಲೆಕ್ಕ ಕೇಳಿ ಎದೆ ಒಡೆದುಕೊಳ್ಳಬೇಡಿ. ಜಾಸ್ತಿ ಬಳಕೆಯಲ್ಲಿರುವ ಮೊದಲ ಎರಡು ಸಾವಿರ ಪದಕುಟುಂಬ ಕಲಿತರೆ ಸಾಮಾನ್ಯ ಬರಹದಲ್ಲಿ ನೂರಕ್ಕೆ ಸುಮಾರು 80 ಪದ ಗೊತ್ತಾಗಿಬಿಡುತ್ತವೆ. ಹಾಗಾಗಿ ಮೊದಲು ಆ ಎರಡು ಸಾವಿರ.

ಕಲಿಯುವವರಿಗೆ ಅಂತಲೇ ಸುಲಭ ಪದಗಳಲ್ಲಿ ಬರೆದ ಕತೆ ಪುಸ್ತಕಗಳು ಇವೆ. ಗ್ರೇಡೆಡ್ ರೀಡರ್ ಅಂತಾರೆ. ಮೇಲೆ ಲೆವೆಲ್ ನಂಬರ್ ಹಾಕಿರುತ್ತಾರೆ. ದೊಡ್ಡವರಾಗಿ ಇದನ್ನು ಓದುವುದಾ ಅಂತ ನಾಚಿಕೆ ಬೇಡ. ಫೋನಿನಲ್ಲಿ ಓದುವವರಿಗೆ ವಿಕಿಪೀಡಿಯಾದ 'ಸಿಂಪಲ್ ಇಂಗ್ಲಿಷ್' ಅನ್ನುವ ಬೇರೆಯೇ ವಿಭಾಗ ಇದೆ. ಅದೇ ವಿಷಯ, ಚಿಕ್ಕ ವಾಕ್ಯಗಳಲ್ಲಿ.

ಪೇಪರ್ ಓದಲೇಬೇಕು ಅನ್ನುವವರಿಗೆ ನನ್ನ ದಾರಿ: ಮೊದಲು ಕನ್ನಡ ಪೇಪರ್. ಆಮೇಲೆ ಅದೇ ಸುದ್ದಿ ಇಂಗ್ಲಿಷಿನಲ್ಲಿ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತಲ್ಲ, ಡ್ರೈವರನ್ನು ಬದುಕಿಸಿದರಲ್ಲ, ಆ ಸುದ್ದಿಯನ್ನು ನಾನು ಮೊದಲು ಕನ್ನಡದಲ್ಲಿ ಓದಿದೆ. ಎಲ್ಲಿ, ಯಾವಾಗ, ಏನಾಯಿತು ಎಲ್ಲಾ ತಲೆಯಲ್ಲಿತ್ತು. ಇಂಗ್ಲಿಷಿನಲ್ಲಿ ಓದುವಾಗ 'ಕೊಲ್ಯಾಪ್ಸ್' ಅಂದರೆ ಕುಸಿಯುವುದು, 'ಪ್ಲಂಜ್' ಅಂದರೆ ಮೇಲಿಂದ ಬೀಳುವುದು, 'ರೆಸ್ಕ್ಯೂ' ಅಂದರೆ ಕಾಪಾಡುವುದು ಅಂತ ಡಿಕ್ಷನರಿ ಮುಟ್ಟದೆ ಗೊತ್ತಾಯಿತು. ಹದಿನೈದು ದಿನ ಬಿಟ್ಟು ಬೇರೆ ಊರಿನ ಸುದ್ದಿಯಲ್ಲಿ ಅದೇ ಮೂರು ಪದ ಸಿಕ್ಕಿದಾಗ ಹಳೇ ಗುರುತಿನವರು ಸಿಕ್ಕ ಹಾಗಾಯಿತು.

ಒಂದು ಎಚ್ಚರಿಕೆ. ಪೇಪರಿನ ಹೆಡ್ಡಿಂಗ್ ನೋಡಿ ಬರೆಯಲು ಕಲಿಯಬೇಡಿ. ಹೆಡ್ಡಿಂಗಿನಲ್ಲಿ 'ಎ', 'ದ' ಬಿಟ್ಟಿರುತ್ತಾರೆ. ನಿನ್ನೆ ಆಗಿದ್ದನ್ನು ಇವತ್ತು ಆಗುತ್ತಿರುವ ಹಾಗೆ 'ಬ್ರಿಡ್ಜ್ ಕೊಲ್ಯಾಪ್ಸಸ್' ಅಂತ ಹಾಕುತ್ತಾರೆ. ಅದು ಹೆಡ್ಡಿಂಗಿನ ಪದ್ಧತಿ. ಕೆಳಗಿನ ಸುದ್ದಿಯಲ್ಲಿ 'ಕೊಲ್ಯಾಪ್ಸ್ಡ್' ಅಂತಲೇ ಇರುತ್ತದೆ. ನೀವು ಎಡ ಪುಟಕ್ಕೆ ಇಳಿಸಬೇಕಾದ್ದು ಕೆಳಗಿನದನ್ನು.

ಇನ್ನು ಮನೆಯಲ್ಲೇ ಬಿದ್ದಿರುವ ಓದು. ಮಾತ್ರೆ ಡಬ್ಬದ ಮೇಲೆ 'ಸ್ಟೋರ್ ಇನ್ ಎ ಕೂಲ್ ಡ್ರೈ ಪ್ಲೇಸ್' ಅಂತ ಇರುತ್ತದೆ. ಗೊಬ್ಬರದ ಚೀಲ, ಮಿಕ್ಸಿಯ ಜೊತೆ ಬರುವ ಪುಸ್ತಕ, ಬ್ಯಾಂಕಿನ ಫಾರ್ಮು ಎಲ್ಲದರಲ್ಲೂ ಚಿಕ್ಕ, ಸ್ಪಷ್ಟ ವಾಕ್ಯಗಳು ಇರುತ್ತವೆ. ಕಾರವಾರಕ್ಕೆ ಹೋದಾಗ ಬೀಚಿನ ಹತ್ತಿರ ಮ್ಯೂಸಿಯಂ ಮಾಡಿಟ್ಟಿರುವ ಚಪಲ್ ಯುದ್ಧನೌಕೆ ನೋಡಲು ಹೋದರೆ ಅಲ್ಲಿನ ಬೋರ್ಡುಗಳನ್ನು ಅವಸರ ಮಾಡದೆ ಓದಿ. ಮುಂದೆ ಆ ವಸ್ತುವೇ ನಿಂತಿರುವಾಗ ಅದರ ಬಗ್ಗೆ ಓದಿದ್ದು ಮರೆಯುವುದಿಲ್ಲ.

ಎಂಜಿನ್ ಎಲ್ಲಿದೆ?

ಕನ್ನಡದಲ್ಲಿ ನಾವು ಹೀಗೆ ಹೇಳುತ್ತೇವೆ: 'ನಿನ್ನೆ ಹುಬ್ಬಳ್ಳಿಯಿಂದ ಬಂದ ಲಾರಿ ಕೆಟ್ಟು ನಿಂತಿದೆ.' ಲಾರಿ ಅನ್ನುವ ಮುಖ್ಯ ಪದ ಬರುವ ಮೊದಲು ಅದರ ಬಗ್ಗೆ ಮೂರು ಸಂಗತಿ ಬಂದಾಯಿತು. ಕ್ರಿಯಾಪದ ಕಟ್ಟಕಡೆಗೆ. ಇಂಗ್ಲಿಷಿನಲ್ಲಿ ಇದು ಸಾಗದು. ಕುಮಟಾ ಸ್ಟೇಷನ್ನಿನಲ್ಲಿ ನಿಂತು ರೈಲು ಬರುವುದನ್ನು ನೋಡಿದ್ದೀರಲ್ಲ, ಎಂಜಿನ್ ಮುಂದೆ, ಬೋಗಿಗಳು ಹಿಂದೆ. ಇಂಗ್ಲಿಷ್ ವಾಕ್ಯ ಹಾಗೆ: "ದ ಲಾರಿ ದಟ್ ಕೇಮ್ ಫ್ರಮ್ ಹುಬ್ಬಳ್ಳಿ ಯೆಸ್ಟರ್‌ಡೇ ಹ್ಯಾಸ್ ಬ್ರೋಕನ್ ಡೌನ್." ಲಾರಿ ಮೊದಲು, ಎಲ್ಲಿಂದ ಯಾವಾಗ ಅನ್ನುವುದು ಅದರ ಬೆನ್ನಿಗೆ.

ಬರೆಯಲು ಕೂತಾಗ ಮೊದಲು ಎರಡೇ ಪ್ರಶ್ನೆ ಕೇಳಿಕೊಳ್ಳಿ. ಯಾರು ಅಥವಾ ಯಾವುದು? ಏನು ಮಾಡಿತು? ಆ ಎರಡು ಪದ ಬರೆದುಬಿಡಿ. 'ಲಾರಿ, ಕೆಟ್ಟಿದೆ.' ಉಳಿದ ಬೋಗಿಗಳನ್ನು ಆಮೇಲೆ ಜೋಡಿಸಿ.

ಇನ್ನೊಂದು ನಮ್ಮ ಅಭ್ಯಾಸ, 'ಪೇಟೆಗೆ ಹೋಗಿ ಸಾಮಾನು ತಂದು ಅಡುಗೆ ಮಾಡಿ ಉಂಡು ಮಲಗಿದೆ' ಅನ್ನುವ ಸರಪಳಿ. ಕನ್ನಡಕ್ಕೆ ಇದು ಎಷ್ಟು ಚೆಂದ! ಇಂಗ್ಲಿಷಿನಲ್ಲಿ ಇದನ್ನೇ ಎಳೆಯಲು ಹೋದರೆ ಎಲ್ಲೋ ಮಧ್ಯದಲ್ಲಿ ಕೈ ತಪ್ಪುತ್ತದೆ. ಎರಡು ಮೂರು ವಾಕ್ಯ ಮಾಡಿ. ಚಿಕ್ಕ ವಾಕ್ಯ ಬರೆದವರನ್ನು ಯಾರೂ ಕಡಿಮೆ ಅಂದುಕೊಳ್ಳುವುದಿಲ್ಲ. ನಮ್ಮ ಆಫೀಸಿಗೆ ಬರುವ ಮೇಲ್‌ಗಳಲ್ಲಿ ಗಲಾಟೆ ಎಬ್ಬಿಸಿದ್ದೆಲ್ಲಾ ಉದ್ದ ವಾಕ್ಯದವೇ.

'ಎ' ಮತ್ತು 'ದ': ಅಜ್ಜಿ ಕತೆಯಲ್ಲಿ ಇದೆ

'ಎ', 'ದ' ಯಾವಾಗ ಹಾಕುವುದು ಅಂತ ನಾನು ನಾಲ್ಕು ವರ್ಷ ಒದ್ದಾಡಿದೆ. ಪುಸ್ತಕದ ನಿಯಮ ಬಾಯಿಪಾಠ ಬರುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ಒಂದು ದಿನ ನನ್ನ ಮಗನಿಗೆ ಕತೆ ಹೇಳುತ್ತಿದ್ದೆ. 'ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಒಬ್ಬಳು ಮಗಳು. ಆ ಮಗಳು ದಿನಾ ಕೆರೆಗೆ ಹೋಗ್ತಿದ್ದಳು.' ಹೇಳುತ್ತಾ ಹೇಳುತ್ತಾ ಮಿಂಚು ಹೊಡೆದ ಹಾಗೆ ಆಯಿತು. ಮೊದಲ ಸಲ ಬಂದಾಗ 'ಒಬ್ಬ ರಾಜ', ಅದು 'ಎ ಕಿಂಗ್'. ಎರಡನೇ ಸಲ 'ಆ ರಾಜ', ಅದು 'ದ ಕಿಂಗ್'. ನಮ್ಮ ಅಜ್ಜಿಯಂದಿರು ಇದನ್ನು ಒಂದು ಸಲವೂ ತಪ್ಪದೆ ಹೇಳುತ್ತಾ ಬಂದಿದ್ದಾರೆ. ದಿನದ ಮಾತಿನಲ್ಲಿ ಮಾತ್ರ ನಾವು ಎರಡನ್ನೂ ಬಿಟ್ಟುಬಿಡುತ್ತೇವೆ.

ಹಾಗಾಗಿ ಬರೆದ ಮೇಲೆ ಪ್ರತಿಯೊಂದು ಹೆಸರು ಪದದ ಮುಂದೆ ನಿಂತು ಕೇಳಿ. ಇಲ್ಲಿ 'ಒಂದು, ಒಬ್ಬ' ಅಂತ ಸೇರಿಸಬಹುದಾ? ಅಥವಾ 'ಆ' ಅಂತ ಸೇರಿಸಬಹುದಾ? ಓದುವವರಿಗೆ ಯಾವುದು ಅಂತ ಮೊದಲೇ ಗೊತ್ತಿದ್ದರೆ 'ದ'. ಸೂರ್ಯ, ಚಂದ್ರ ಒಂದೇ ಇರುವುದರಿಂದ ಅವುಗಳಿಗೂ 'ದ'. ಜನರ ಹೆಸರಿಗೆ, ಊರಿನ ಹೆಸರಿಗೆ ಏನೂ ಬೇಡ. 'ದ ಶಿರಸಿ' ಅನ್ನುವುದಿಲ್ಲ. ಆದರೆ ನದಿಗೆ ಬೇಕು, 'ದ ಕಾಳಿ', 'ದ ಅಘನಾಶಿನಿ'. ಅಕ್ಕಿ, ನೀರು, ದುಡ್ಡು ಇಂಥವನ್ನು ಅವರು ಒಂದು ಎರಡು ಅಂತ ಎಣಿಸುವುದಿಲ್ಲ, ಅದಕ್ಕೆ 'ಎ' ಬರದು. ಎಲ್ಲಾ ಸಂದರ್ಭಕ್ಕೂ ಇದು ಸಾಲದು, ಆದರೆ ನನ್ನ ತಪ್ಪು ಅರ್ಧಕ್ಕಿಂತ ಜಾಸ್ತಿ ಇಷ್ಟರಲ್ಲೇ ನಿಂತಿತು.

'ಎ' ಹಾಕುವುದಾ 'ಆ್ಯನ್' ಹಾಕುವುದಾ ಅನ್ನುವುದಕ್ಕೆ ಕನ್ನಡದವರಿಗೆ ಒಂದು ಒಳ್ಳೆಯ ಅನುಕೂಲ ಇದೆ. ಆ ಪದವನ್ನು ಬಾಯಲ್ಲಿ ಹೇಳಿದ ಹಾಗೆ ಕನ್ನಡ ಅಕ್ಷರದಲ್ಲಿ ಬರೆದು ನೋಡಿ. ಸ್ವರದಿಂದ ಶುರುವಾದರೆ 'ಆ್ಯನ್', ವ್ಯಂಜನದಿಂದ ಶುರುವಾದರೆ 'ಎ'. ಯೂನಿವರ್ಸಿಟಿ 'ಯ'ದಿಂದ ಶುರು, ಹಾಗಾಗಿ 'ಎ ಯೂನಿವರ್ಸಿಟಿ'. ತಾಸು ಅನ್ನುವ ಅರ್ಥದ ಅವರ್ 'ಅ'ದಿಂದ ಶುರು, ಅದರ ಎಚ್ ಬಾಯಲ್ಲಿ ಬರುವುದೇ ಇಲ್ಲ, ಹಾಗಾಗಿ 'ಆ್ಯನ್ ಅವರ್'. ಎಕ್ಸ್‌ರೇ 'ಎ'ಯಿಂದ ಶುರು, 'ಆ್ಯನ್ ಎಕ್ಸ್‌ರೇ'. ಒನ್ ವೇ ಅನ್ನುವುದನ್ನು ಬಾಯಲ್ಲಿ ಹೇಳುವುದು 'ವನ್' ಅಂತ, ಹಾಗಾಗಿ 'ಎ'. ಇಂಗ್ಲಿಷ್ ಅಕ್ಷರ ನೋಡಿದರೆ ಗೊಂದಲ, ಕನ್ನಡ ಅಕ್ಷರದಲ್ಲಿ ಬರೆದರೆ ಎಲ್ಲಾ ನಿಚ್ಚಳ. ನನ್ನ ಅಕ್ಕನ ಮಗಳು ಇದನ್ನು ಹಾಸ್ಟೆಲ್ಲಿನ ರೂಮಿನ ಗೋಡೆಗೆ ಅಂಟಿಸಿಕೊಂಡಿದ್ದಾಳೆ.

ದಿನಕ್ಕೆ ಐದು ಸಾಲು ಮಳೆ

ಎಡ-ಬಲ ಪುಟದ ಜೊತೆಗೆ ನಿಮ್ಮದೇ ಐದು ಸಾಲು ದಿನಾ ಬರೆಯಿರಿ. ಏನು ಬರೆಯಲಿ ಅಂತ ಯೋಚನೆ ಮಾಡುತ್ತಾ ಕೂತರೆ ಅರ್ಧ ತಾಸು ಅಲ್ಲೇ ಹೋಗುತ್ತದೆ. ಅದಕ್ಕೆ ನಾನು ಮಳೆಯನ್ನು ಹಿಡಿದುಕೊಂಡೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೆಯಲು ವಿಷಯಕ್ಕೆ ಬರವಿಲ್ಲ. ಮಳೆ ಎಷ್ಟಾಯಿತು, ಕರೆಂಟು ಹೋಯಿತಾ, ತೋಟಕ್ಕೆ ಮದ್ದು ಹೊಡೆದರಾ, ಬಸ್ಸು ಬಂತಾ.

ಮೊದಲ ದಿನವೇ ಎಡವಿದ್ದು 'ಮಳೆ ಬಂತು' ಅನ್ನುವಲ್ಲಿ. ನಾನು 'ರೇನ್ ಕೇಮ್' ಅಂತ ಬರೆದೆ. ಓದಿದರೆ ಅರ್ಥ ಆಗುತ್ತದೆ, ಆದರೆ ಇಂಗ್ಲಿಷ್‌ನವರು ಸಾಮಾನ್ಯವಾಗಿ ಹಾಗೆ ಬರೆಯುವುದಿಲ್ಲ. 'ಇಟ್ ರೇನ್ಡ್.' ಈ 'ಇಟ್' ಯಾರು? ಯಾರೂ ಅಲ್ಲ. ಅವರ ವಾಕ್ಯಕ್ಕೆ ಮುಂದುಗಡೆ ಯಾರಾದರೂ ಕೂರಲೇಬೇಕು, ಅದಕ್ಕೆ ಕೂರಿಸಿದ್ದು. ಹಾಗೇ 'ದೊಡ್ಡ ಮಳೆ' ಅಂತ 'ಬಿಗ್ ರೇನ್' ಬರೆಯುವಂತಿಲ್ಲ, 'ಹೆವಿ ರೇನ್'. ಗಾಳಿಗಾದರೆ 'ಸ್ಟ್ರಾಂಗ್ ವಿಂಡ್'. ಚಹಾಕ್ಕೂ 'ಸ್ಟ್ರಾಂಗ್'. ಯಾವ ಪದದ ಪಕ್ಕ ಯಾವ ಪದ ಅಂತ ಲೆಕ್ಕ ಹಾಕಿ ಕಂಡುಹಿಡಿಯಲು ಆಗುವುದಿಲ್ಲ. ಓದಿಯೇ ತಿಳಿಯಬೇಕು. ಹಾಗಾಗಿ ಪದ ಬರೆದಿಡುವಾಗ ಒಂದೇ ಪದ ಬರೆಯಬೇಡಿ, ಪಕ್ಕದವನನ್ನೂ ಸೇರಿಸಿ ಬರೆಯಿರಿ. 'ಮಿಸ್ಟೇಕ್' ಅಲ್ಲ, 'ಮೇಕ್ ಎ ಮಿಸ್ಟೇಕ್'. 'ಡಿಸ್ಕಸ್' ಬರೆದಿಡುವಾಗ 'ಡಿಸ್ಕಸ್ ದ ಪ್ರೈಸ್' ಅಂತ ಬರೆದಿಡಿ. 'ಬೆಲೆಯ ಬಗ್ಗೆ ಚರ್ಚೆ' ಅಂತ ನಮ್ಮ ಕಿವಿಯಲ್ಲಿ ಇರುವುದರಿಂದ 'ಡಿಸ್ಕಸ್ ಅಬೌಟ್' ಅಂತ ಬಂದುಬಿಡುತ್ತದೆ. ಅಲ್ಲಿ 'ಅಬೌಟ್' ಬೇಡ.

ಮೈಯಲ್ಲಿ ಆಗುವುದನ್ನು ಬರೆಯುವಾಗಲೂ ಜಾಗ್ರತೆ. ನಾವು 'ನನಗೆ ಹಸಿವಾಗಿದೆ, ನನಗೆ ಜ್ವರ ಬಂದಿದೆ, ನನಗೆ ಚಳಿ' ಅಂತೀವಿ. ಎಲ್ಲದಕ್ಕೂ 'ನನಗೆ'. ಅವರಿಗೆ 'ನಾನು': 'ಐ ಆ್ಯಮ್ ಹಂಗ್ರಿ, ಐ ಹ್ಯಾವ್ ಎ ಫೀವರ್, ಐ ಆ್ಯಮ್ ಕೋಲ್ಡ್.' ಕೊನೆಯದನ್ನು ನೆಗಡಿ ಅಂತ ತಿಳಿಯಬಾರದು. ನೆಗಡಿಯಾದರೆ 'ಐ ಹ್ಯಾವ್ ಎ ಕೋಲ್ಡ್'. ನರ್ಸ್ ಆಗುವವರಿಗೆ ಈ ಒಂದು ಪದದ ವ್ಯತ್ಯಾಸ ಗೊತ್ತಿರಲೇಬೇಕು. ಪೇಷಂಟಿಗೆ ಕಂಬಳಿ ಬೇಕಾ, ಔಷಧಿ ಬೇಕಾ ಅನ್ನುವುದು ಅದರ ಮೇಲೆ ನಿಂತಿದೆ.

'ಅವನು ನಿನ್ನೆ ಬಂದಿದ್ದಾನೆ' ಅಂತ ಕನ್ನಡದಲ್ಲಿ ಸಲೀಸಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ 'ಹ್ಯಾಸ್ ಕಮ್' ಜೊತೆ 'ಯೆಸ್ಟರ್‌ಡೇ' ಸೇರುವುದಿಲ್ಲ. ನಿನ್ನೆ, ಹೋದ ವಾರ, 2019ರಲ್ಲಿ ಅಂತ ಮುಗಿದ ಸಮಯ ಹೇಳಿದರೆ 'ಕೇಮ್'. ಸಮಯ ಹೇಳದಿದ್ದರೆ 'ಹ್ಯಾಸ್ ಕಮ್' ನಡೆಯುತ್ತದೆ.

ಸ್ಪೆಲಿಂಗ್, ಡಿಕ್ಷನರಿ, ಫೋನು

ಸ್ಪೆಲಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾವು ಹೇಳಿದ ಹಾಗೆ ಬರೆಯುವ ಭಾಷೆಯವರು, ಅದಕ್ಕೆ ಕಷ್ಟ. ಇಂಗ್ಲೆಂಡಿಗೆ ಅಚ್ಚಿನ ಯಂತ್ರ ಬಂದಿದ್ದು 1476ರಲ್ಲಿ. ಬರವಣಿಗೆ ಹೆಚ್ಚುಕಡಿಮೆ ಆ ಕಾಲಕ್ಕೆ ಗಟ್ಟಿಯಾಗುತ್ತಾ ಬಂತು, ಉಚ್ಚಾರ ಮಾತ್ರ ಬದಲಾಗುತ್ತಾ ಹೋಯಿತು. ಚಾಕು ಅನ್ನುವ 'ನೈಫ್'ಗೆ ಮುಂದೆ ಒಂದು ಕೆ ಇದೆಯಲ್ಲ, ಅದನ್ನು ಹಿಂದೆ ನಿಜವಾಗಿ ಹೇಳುತ್ತಿದ್ದರು. 'ಡೌಟ್'ನಲ್ಲಿರುವ ಬಿ ಮಾತ್ರ ಲ್ಯಾಟಿನ್ ನೋಡಿ ಆಮೇಲೆ ತುರುಕಿದ್ದು. ಇಂಥ ಪದಗಳನ್ನು ನಾನು ಬರೆಯುವಾಗ ಮನಸ್ಸಿನಲ್ಲಿ 'ಕ್‌ನೈಫ್', 'ಡೌಬ್ಟ್' ಅಂತಲೇ ಹೇಳಿಕೊಳ್ಳುತ್ತೇನೆ. ಅಕ್ಷರ ಬಿಟ್ಟುಹೋಗುವುದಿಲ್ಲ.

ಡಿಕ್ಷನರಿ ಕೊಳ್ಳುವುದಾದರೆ ಹೆಸರಿನಲ್ಲಿ 'ಲರ್ನರ್ಸ್' ಅಂತ ಇರುವುದನ್ನೇ ಕೊಳ್ಳಿ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಅವರ ಜೊತೆಯವರು ಅಲ್ಲಿನ ವಿದ್ಯಾರ್ಥಿಗಳಿಗಾಗಿ ಮಾಡಿದ ಇಂಥ ಒಂದು ಡಿಕ್ಷನರಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಈಗ ಆಕ್ಸ್‌ಫರ್ಡ್‌ನವರ ಹೆಸರಿನಲ್ಲಿ ಸಿಗುತ್ತದೆ. ಅಂದರೆ ಅದು ಹುಟ್ಟಿದ್ದೇ ನಮ್ಮಂಥ ಹೊರಗಿನವರಿಗೆ. ಅರ್ಥವನ್ನು ಸುಲಭ ಪದಗಳಲ್ಲಿ ಕೊಟ್ಟು, ಪದ ಹೇಗೆ ಬಳಸಬೇಕು ಅಂತ ವಾಕ್ಯ ಕೊಡುತ್ತಾರೆ. ಅರ್ಥಕ್ಕಿಂತ ಆ ವಾಕ್ಯ ಮುಖ್ಯ. ಎಡ ಪುಟಕ್ಕೆ ಅದನ್ನೂ ಇಳಿಸಬಹುದು.

ಫೋನಿನಲ್ಲಿ ಕನ್ನಡ ಹಾಕಿದರೆ ಇಂಗ್ಲಿಷ್ ಬರುತ್ತದೆ, ಈಗ ಪೂರ್ತಿ ಪತ್ರವನ್ನೇ ಬರೆದುಕೊಡುತ್ತದೆ. ಅವಸರದ ಕೆಲಸಕ್ಕೆ ಬಳಸಿ, ನಾನೂ ಬಳಸುತ್ತೇನೆ. ಕಲಿಯುವ ಹೊತ್ತಿನಲ್ಲಿ ಮಾತ್ರ ದಯವಿಟ್ಟು ಮೊದಲು ನೀವು ಬರೆಯಿರಿ. ಆಮೇಲೆ ಅದರ ಕೈಯಲ್ಲಿ ತಪ್ಪು ತೋರಿಸಲು ಹೇಳಿ, ಕೆಂಪು ಪೆನ್ನಿನಲ್ಲಿ ನೀವೇ ತಿದ್ದಿ.

ಯಾರಿಗೆ ತೋರಿಸುವುದು?

ಇಲ್ಲಿ ನಾಚಿಕೆ ಅಡ್ಡ ಬರುತ್ತದೆ. ಅಕ್ಕನ ಮಗಳನ್ನು ನೋಡಲು ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗಿದ್ದಾಗ ಟ್ಯಾಗೋರ್ ಬೀಚಿನಲ್ಲಿ ಕೂತು ಅವಳ ಪುಸ್ತಕ ಕೇಳಿದೆ. ಬ್ಯಾಗಿನಲ್ಲೇ ಇತ್ತು, ತೆಗೆಯಲು ಮನಸ್ಸಿಲ್ಲ. ಆಗ ಅವಳಿಗೆ ಆ ಬೀಚಿನ ಹೆಸರಿನವರದ್ದೇ ಕತೆ ಹೇಳಿದೆ. ರವೀಂದ್ರನಾಥ ಟ್ಯಾಗೋರ್ ಇಪ್ಪತ್ತು ದಾಟಿದ ಹುಡುಗನಾಗಿದ್ದಾಗ ಕಾರವಾರಕ್ಕೆ ಬಂದು ಉಳಿದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಮುಂದೆ 1912ರಲ್ಲಿ ಟ್ಯಾಗೋರರು ತಮ್ಮ ಬಂಗಾಳಿ ಕವಿತೆಗಳನ್ನು ತಾವೇ ಇಂಗ್ಲಿಷಿಗೆ ಮಾಡಿದರು. 1913ರಲ್ಲಿ ನೊಬೆಲ್ ಬಂತು. ಅದೇ 1913ರಲ್ಲಿ, ನೊಬೆಲ್ ಬರುವ ಕೆಲವು ತಿಂಗಳ ಮುಂಚೆ, ತನಗೆ ಇಂಗ್ಲಿಷ್ ಬರೆಯಲು ಬರುವುದಿಲ್ಲ ಅನ್ನುವ ಮಾತನ್ನು ಒಂದು ಪತ್ರದಲ್ಲಿ ಬರೆದಿದ್ದರು. ಆ ಪತ್ರ ಹೋಗಿದ್ದು ಇದೇ ಸತ್ಯೇಂದ್ರನಾಥರ ಮಗಳು ಇಂದಿರಾದೇವಿಗೆ. ಕತೆ ಮುಗಿಯುವ ಹೊತ್ತಿಗೆ ಅವಳು ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟಿದ್ದಳು.

ತೋರಿಸಲು ಇಂಗ್ಲಿಷ್ ಪಂಡಿತರೇ ಬೇಕಾಗಿಲ್ಲ. ನಿಮಗಿಂತ ಸ್ವಲ್ಪ ಮುಂದೆ ಇರುವ ಒಬ್ಬರು ಸಾಕು. ಅವರಿಗೆ ಮೊದಲೇ ಹೇಳಿಡಿ, ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ನೋಡಿ ಅಂತ. ಪುಟ ಪೂರ್ತಿ ಕೆಂಪಾದರೆ ಯಾವುದನ್ನು ನೆನಪಿಡುವುದು? ಈಗ ಅವಳು ಭಾನುವಾರ ಎರಡು ಪುಟದ ಫೋಟೋ ವಾಟ್ಸಾಪ್ ಮಾಡುತ್ತಾಳೆ. ಹೋದ ತಿಂಗಳು ನಾಲ್ಕೂ ವಾರ ನಾನು 'ಎ', 'ದ' ಮಾತ್ರ ನೋಡಿದೆ. ಬೇರೆ ತಪ್ಪು ಕಂಡರೂ ಬಾಯಿ ಬಿಡಲಿಲ್ಲ. ಮೊದಲ ವಾರ ಹದಿನೇಳು ಗುರುತು, ನಾಲ್ಕನೇ ವಾರ ಐದು. ಈ ತಿಂಗಳು 'ಇನ್, ಆನ್, ಆ್ಯಟ್'. ನಮಗೆ ಎಲ್ಲದಕ್ಕೂ 'ಅಲ್ಲಿ', ಇಲ್ಲವೆ 'ಗೆ' ಸಾಕಾಗುತ್ತದೆ, ಅವರಿಗೆ ಗಂಟೆಗೆ 'ಆ್ಯಟ್', ಸೋಮವಾರ, ಮಂಗಳವಾರ ಅನ್ನುವ ದಿನಕ್ಕೆ 'ಆನ್', ತಿಂಗಳಿಗೆ 'ಇನ್', ಕಾರಿನಲ್ಲಿ 'ಇನ್', ಬಸ್ಸಿನಲ್ಲಿ 'ಆನ್'. ನಿನ್ನೆ ಬಂದ ಪುಟದ ಮೊದಲ ಸಾಲು: "ಐ ಕೇಮ್ ಟು ಕಾರವಾರ ಆನ್ ದ ಬಸ್ ಆನ್ ಸಂಡೇ ಆ್ಯಟ್ ಸಿಕ್ಸ್." ಅದರ ಮೇಲೆ ಗುರುತು ಹಾಕಲು ಏನೂ ಇರಲಿಲ್ಲ. ಎರಡನೇ ಸಾಲಿನಲ್ಲಿ ಇತ್ತು, ಹಾಕಿ ಕಳಿಸಿದ್ದೇನೆ.